ನಿಂತ ನೀರನ್ನು ಕಾಯ್ದವರು: ಕಾಶಿಯ ಕುಂಡದಿಂದ ಮನೆಯ ಈಜುಕೊಳದವರೆಗೆ

ಕಾಶಿಗೆ ಹೋಗಿಬಂದ ಕನ್ನಡಿಗರಿಗೆ ಸೋನಾರ್‌ಪುರ ಅಪರಿಚಿತವಾದ ಹೆಸರಲ್ಲ. ಗೊದೌಲಿಯಾ ಚೌಕದಿಂದ ಅಸ್ಸಿಯ ಕಡೆಗೆ, ಅಂದರೆ ದಕ್ಷಿಣಕ್ಕೆ, ಹೋಗುವ ರಸ್ತೆಯಲ್ಲಿ ಜಂಗಮವಾಡಿ ಮಠವನ್ನು ದಾಟಿ ನಡೆದರೆ ಈ ಬಡಾವಣೆ ಸಿಗುತ್ತದೆ. ಎಡಗಡೆಯ ಗಲ್ಲಿಗಳನ್ನು ಹೊಕ್ಕರೆ ಕೇದಾರ ಘಾಟ್. ಇನ್ನೂ ಮುಂದೆ ಹರಿಶ್ಚಂದ್ರ ಘಾಟ್‌ಗೂ ಹನುಮಾನ್ ಘಾಟ್‌ಗೂ ನಡುವೆ, ಹಿಂದೆ ಮೈಸೂರಿನ ಹೆಸರಿದ್ದು ಈಗ ಕರ್ನಾಟಕ ಘಾಟ್ ಎನಿಸಿಕೊಂಡಿರುವ ಮೆಟ್ಟಿಲುಗಳು. ದಕ್ಷಿಣದಿಂದ ಹೋದ ಯಾತ್ರಿಕರು ತಲೆಮಾರುಗಳಿಂದ ಇಳಿದುಕೊಳ್ಳುತ್ತ ಬಂದಿರುವ ಪ್ರದೇಶವಿದು. ಗಲ್ಲಿಯಲ್ಲಿ ನಿಂತು ಯಾರನ್ನಾದರೂ ಕನ್ನಡದಲ್ಲಿ ಕರೆದರೆ ಉತ್ತರ ಬರುವ ಸಂಭವ ಅಲ್ಲಿ ಹೆಚ್ಚು.

ಹೋದ ಚಳಿಗಾಲದಲ್ಲಿ ನಮ್ಮ ಸಂಘದ ಕೆಲವು ಕುಟುಂಬಗಳವರು ಒಟ್ಟಾಗಿ ಕಾಶಿಯಾತ್ರೆ ಮಾಡಿದಾಗ ನಾವು ತಂಗಿದ್ದುದೂ ಸೋನಾರ್‌ಪುರದಲ್ಲಿಯೇ. ಒಂದು ಬೆಳಿಗ್ಗೆ ಗಂಗಾಸ್ನಾನವನ್ನು ಮುಗಿಸಿ, ಹೆಂಗಸರು ಮಕ್ಕಳೊಂದಿಗೆ ಭದೈನಿಯ ಲೋಲಾರ್ಕ ಕುಂಡವನ್ನು ನೋಡಲು ಹೊರಟೆವು. ಹದಿನೈದಿಪ್ಪತ್ತು ನಿಮಿಷಗಳ ನಡಿಗೆ. ಕುಂಡದ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದಾಗ, ನಮ್ಮ ಜೊತೆಗಿದ್ದ ಎಂಟು ವರ್ಷದ ಹುಡುಗನೊಬ್ಬ ತನ್ನ ಅಜ್ಜಿಯ ಸೆರಗು ಜಗ್ಗಿ ಕೇಳಿದ: "ಅಜ್ಜಿ, ಇದರ ಫಿಲ್ಟರ್ ಎಲ್ಲಿದೆ?"

ಎಲ್ಲರೂ ನಕ್ಕೆವು. ಆದರೆ ಹುಡುಗ ತಮಾಷೆಗೆ ಕೇಳಿದ್ದಲ್ಲ. ಅವನು ಈಜು ಕಲಿತದ್ದು ನಮ್ಮ ನಗರದ ವಸತಿ ಸಮುಚ್ಚಯವೊಂದರ ಈಜುಕೊಳದಲ್ಲಿ. ಅಲ್ಲಿ ನೀರು ಹಸಿರಾದಾಗಲೆಲ್ಲ ಬಾಗಿಲಿಗೆ ಚೀಟಿ ಅಂಟಿಸಿ ವಾರಗಟ್ಟಲೆ ಮುಚ್ಚಿಡುವುದನ್ನು ಅವನು ನೋಡಿದ್ದಾನೆ. ನಿಂತ ನೀರು ತಾನಾಗಿ ಶುಚಿಯಾಗಿ ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಫಿಲ್ಟರ್ ಇರಲಿಲ್ಲ ಮಗು, ಜನ ಇದ್ದರು" ಎಂದರು. ಆಮೇಲೆ ತಮ್ಮ ಊರಿನ ದೇವಸ್ಥಾನದ ಕಲ್ಯಾಣಿಯನ್ನು ಜಾತ್ರೆಗೆ ಮುಂಚೆ ಹೇಗೆ ಬಳಿಯುತ್ತಿದ್ದರು, ಮನೆಗೊಬ್ಬರಂತೆ ಮಂಕರಿ ಹಿಡಿದು ಇಳಿದು ಹೂಳನ್ನು ಹೇಗೆ ಮೇಲಕ್ಕೆ ಸಾಗಿಸುತ್ತಿದ್ದರು ಎಂಬುದನ್ನೆಲ್ಲ ದಾರಿಯುದ್ದಕ್ಕೂ ಹೇಳುತ್ತ ಬಂದರು.

ಅಜ್ಜಿಯ ಆ ಉತ್ತರವೇ ಈ ಲೇಖನಕ್ಕೆ ಕಾರಣ. ಮನೆಯಂಗಳದ ಈಜುಕೊಳವಾಗಲಿ, ದೇವಾಲಯದ ಕಲ್ಯಾಣಿಯಾಗಲಿ, ಕಟ್ಟುವುದು ಒಂದು ಸಲದ ಕೆಲಸ, ಕಾಯುವುದು ದಿನದಿನದ ಕೆಲಸ. ಕಟ್ಟಿದವರ ಚರಿತ್ರೆಯನ್ನು ನಾವು ಓದಿದ್ದೇವೆ. ಕಾಯ್ದವರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಕುಂಡಗಳ ಕಾಶಿ

ಇಂದು ನಮಗೆ ಕಾಶಿ ಎಂದರೆ ಗಂಗೆ ಮತ್ತು ಘಾಟ್. ಆದರೆ ಹಳೆಯ ಕಾಶಿ ಕೊಳಗಳ, ಕುಂಡಗಳ, ಕಾಡುತಗ್ಗುಗಳ ಊರೂ ಆಗಿತ್ತು. ಮಳೆಗಾಲದಲ್ಲಿ ತಗ್ಗುಗಳೆಲ್ಲ ತುಂಬಿ ಒಂದರಿಂದ ಒಂದಕ್ಕೆ ಹರಿದು ಕೊನೆಗೆ ಗಂಗೆಯನ್ನೋ ವರಣೆಯನ್ನೋ ಸೇರುತ್ತಿದ್ದವು. ಮತ್ಸ್ಯೋದರಿ, ಮಂದಾಕಿನಿ, ಬೇನಿಯಾ ಮುಂತಾದ ದೊಡ್ಡ ಕೊಳಗಳು ಊರಿನ ನಡುವೆಯೇ ಇದ್ದವು.

ಉಳಿದಿರುವ ಕುಂಡಗಳಲ್ಲಿ ಪ್ರಾಚೀನವಾದವುಗಳ ಪೈಕಿ ಲೋಲಾರ್ಕ ಒಂದು. ಹನ್ನೆರಡನೆಯ ಶತಮಾನದ ಗಾಹಡವಾಲ ರಾಜರ ಶಾಸನಗಳಲ್ಲಿ ಲೋಲಾರ್ಕನ ಹೆಸರು ಬರುತ್ತದೆ. ಸುಮಾರು ಐವತ್ತು ಅಡಿ ಆಳ. ಮೂರು ಕಡೆ ಕಡಿದಾದ ಕಲ್ಲು ಮೆಟ್ಟಿಲು, ಒಂದು ಕಡೆ ಎತ್ತರದ ಗೋಡೆ. ಆ ಗೋಡೆಯ ಕಿರಿದಾದ ಕಮಾನಿನಾಚೆ ಒಂದು ಬಾವಿ. ಬಾವಿಗೂ ಕುಂಡಕ್ಕೂ ನೀರು ಒಂದೇ. ಗಂಗೆಯ ಮಟ್ಟ ಏರಿದಂತೆ ನೆಲದಡಿಯ ನೀರು ಏರುತ್ತದೆ, ಕುಂಡವೂ ಏರುತ್ತದೆ. ಅಹಲ್ಯಾಬಾಯಿ ಹೋಳ್ಕರ್, ಕೂಚ್ ಬಿಹಾರದ ಅರಸರು ಮುಂತಾದವರು ಇದರ ಜೀರ್ಣೋದ್ಧಾರಕ್ಕೆ ಕೈಹಾಕಿದವರು. ಇನ್ನೂ ಸ್ವಲ್ಪ ದೂರದಲ್ಲಿರುವ ದುರ್ಗಾಕುಂಡವನ್ನು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಬಂಗಾಳದ ನಾಟೋರಿನ ರಾಣಿ ಭವಾನಿ. ಅಸ್ಸಿಯ ಸಮೀಪದ ಕುರುಕ್ಷೇತ್ರ ಕುಂಡವನ್ನೂ ಆಕೆಯ ಹೆಸರಿನೊಂದಿಗೇ ಹೇಳುವುದುಂಟು. ಸೋನಾರ್‌ಪುರಕ್ಕೆ ತೀರ ಹತ್ತಿರ ಎಂದರೆ ಕೇದಾರ ಘಾಟಿನ ಮೆಟ್ಟಿಲುಗಳ ನಡುವೆಯೇ ಇರುವ ಪುಟ್ಟ ಗೌರೀಕುಂಡ. ಎದುರಿಗೆ ಮಹಾನದಿ ಹರಿಯುತ್ತಿರುವಾಗಲೂ ಪಕ್ಕದಲ್ಲಿ ಬೊಗಸೆಯಷ್ಟು ನಿಂತ ನೀರನ್ನು ಪ್ರತ್ಯೇಕವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ಲೋಲಾರ್ಕ ಕುಂಡದಲ್ಲಿ ಭಾದ್ರಪದ ಶುದ್ಧ ಷಷ್ಠಿಯ ದಿನ ದೊಡ್ಡ ಮೇಳ ನಡೆಯುತ್ತದೆ. ಸಂತಾನವನ್ನು ಬಯಸುವ ದಂಪತಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ಮುಳುಗು ಹಾಕುತ್ತಾರೆ. ಉಟ್ಟ ಒದ್ದೆ ಬಟ್ಟೆಯನ್ನು ಅಲ್ಲಿಯೇ ಬಿಟ್ಟುಹೋಗುವುದು, ಒಂದು ಹಣ್ಣನ್ನೋ ತರಕಾರಿಯನ್ನೋ ಅರ್ಪಿಸುವುದು ಸಂಪ್ರದಾಯ. ಹರಕೆ ಹೊತ್ತವರಿಗೆ ಅದು ಒಂದು ದಿನದ ವ್ರತ. ಮರುದಿನ ಆ ಬಟ್ಟೆಯ ರಾಶಿಯನ್ನೂ ಕೊಳೆತ ಹಣ್ಣುಗಳನ್ನೂ ಅಷ್ಟೊಂದು ಕಡಿದಾದ ಮೆಟ್ಟಿಲುಗಳ ಮೇಲೆ ಹೊತ್ತು ತೆಗೆಯುವ ಕೈಗಳು ಬೇರೆ. ಕುಂಡ ಇಂದಿಗೂ ಸ್ನಾನಕ್ಕೆ ಒದಗುತ್ತಿದ್ದರೆ ಆ ಕೈಗಳ ಪುಣ್ಯವೂ ಅದರಲ್ಲಿ ಸೇರಿದೆಯೆಂದು ನಮಗೆ ತೋರುತ್ತದೆ.

ನಮ್ಮ ಶಾಸನಗಳಲ್ಲಿ ಕಾಶಿ

ಇಲ್ಲಿ ಕನ್ನಡದ ಒಂದು ಸಂಗತಿಯನ್ನು ನೆನೆಯಬೇಕು. ನಮ್ಮ ನಾಡಿನ ಸಾವಿರಾರು ದಾನಶಾಸನಗಳ ಕೊನೆಯಲ್ಲಿ ಕಾಶಿಯ ಹೆಸರಿದೆ. ಈ ಧರ್ಮವನ್ನು ನಡೆಸಿದವನಿಗೆ ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಸಾವಿರ ಕಪಿಲೆಯ ಹಸುಗಳನ್ನು ದಾನಮಾಡಿದ ಪುಣ್ಯ. ಕೆಡಿಸಿದವನಿಗೆ ಅದೇ ಸ್ಥಳಗಳಲ್ಲಿ ಅಷ್ಟೇ ಹಸುಗಳನ್ನು ಕೊಂದ ಪಾಪ ಎಂಬ ಅರ್ಥದ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಶಿಯನ್ನು ಕಣ್ಣಿನಿಂದ ಕಾಣದ ಹಳ್ಳಿಯ ರೈತನೂ ತನ್ನೂರಿನ ಕೆರೆಯ ಏರಿಯ ಮೇಲಿನ ಕಲ್ಲಿನಲ್ಲಿ ಆ ಹೆಸರನ್ನು ಕೇಳಿದ್ದ.

ಆ ಧರ್ಮಗಳಲ್ಲಿ ಕೆರೆಯನ್ನು ಕಾಯುವ ಧರ್ಮಕ್ಕೆ ಒಂದು ಸುಂದರವಾದ ಹೆಸರಿದೆ: ಬಿತ್ತುವಟ್ಟ. ಕೆರೆಯ ದುರಸ್ತಿಗಾಗಿ, ಅದನ್ನು ನೋಡಿಕೊಳ್ಳುವವರಿಗಾಗಿ ಬಿಟ್ಟುಕೊಟ್ಟ ಭೂಮಿ ಅಥವಾ ಫಸಲಿನ ಪಾಲು. ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಮಾತುಗಳೂ ಹೀಗೆಯೇ. ಹೂಳನ್ನು ಹೊರುವ ಬಂಡಿಗಾಗಿ, ಬಂಡಿಯ ಎತ್ತುಕೋಣಗಳಿಗಾಗಿ ದತ್ತಿ ಬಿಟ್ಟ ಶಾಸನಗಳಿವೆ. ನೀರು ಬಿಡುವ ನೀರುಗಂಟಿಗೆ ಊರಿನ ಫಸಲಿನಲ್ಲಿ ಪಾಲಿತ್ತು. ಅಂದಿನವರು ಕೆರೆಯನ್ನು ಕಟ್ಟುವಾಗಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು ಎಂದಾಯಿತು: ನಾಳೆ ಇದರ ಹೂಳೆತ್ತುವವರಿಗೆ ಅನ್ನ ಎಲ್ಲಿಂದ?

ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನು ೧೩೬೯ರಲ್ಲಿ ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನ ಈ ವಿಷಯದಲ್ಲಿ ಪ್ರಸಿದ್ಧವಾದುದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ನೆಲ ಚೌಳಾಗಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು ಇವೆಲ್ಲ ದೋಷಗಳು. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕೆರೆಯನ್ನು ಮುಗಿಸಿದವೆಂದು ಶಾಸನ ಹೇಳುತ್ತದೆ. ಗಡಿಯ ಕೆರೆ ದೋಷವೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರಿಗೆ ಸೇರಿದ ನೀರನ್ನು ಇಬ್ಬರೂ ಬಳಸುತ್ತಾರೆ, ಒಬ್ಬರೂ ಕಾಯುವುದಿಲ್ಲ. ವಸತಿ ಸಮುಚ್ಚಯಗಳ ಸಭೆಗಳಲ್ಲಿ ಕುಳಿತವರಿಗೆ ಈ ಮಾತಿನ ಅರ್ಥ ಚೆನ್ನಾಗಿ ಆಗುತ್ತದೆ!

ಮನೆಯೊಳಗಿನ ಕೊಳಗಳು

ಸ್ನಾನಕ್ಕೆಂದೇ ಕಟ್ಟಿದ ಕೊಳ ಹೊಸ ನಾಗರಿಕತೆಯ ವಸ್ತುವಲ್ಲ. ೧೯೨೦ರ ದಶಕದಲ್ಲಿ ಉತ್ಖನನವಾದ ಮೊಹೆಂಜೊದಾರೋದ ಮಹಾಸ್ನಾನಗೃಹ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನದು. ಸುಮಾರು ೧೨ ಮೀಟರ್ ಉದ್ದ, ೭ ಮೀಟರ್ ಅಗಲ, ೨.೪ ಮೀಟರ್ ಆಳ. ಒತ್ತಾಗಿ ಜೋಡಿಸಿದ ಇಟ್ಟಿಗೆಗೆ ಜಿಪ್ಸಂ ಗಾರೆ, ನೀರು ಸೋರದಂತೆ ಒಳಗೊಂದು ಪದರ ಕಲ್ಲರಗು. ನೀರು ತುಂಬಲು ಪಕ್ಕದ ಕೋಣೆಯಲ್ಲೊಂದು ಬಾವಿ. ನೀರನ್ನು ಹೊರಬಿಡಲು ಒಂದು ಮೂಲೆಯಿಂದ ಆಳೆತ್ತರದ ಚರಂಡಿ. ಅಂದರೆ ಬಳಸಿದ ನೀರನ್ನು ಖಾಲಿಮಾಡಿ ಹೊಸ ನೀರು ತುಂಬುವ ವ್ಯವಸ್ಥೆ ಕಟ್ಟಡದಲ್ಲಿಯೇ ಸೇರಿತ್ತು.

ನಮ್ಮ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಜಲಕ್ರೀಡೆಯೂ ಇದೆ. ಹಂಪಿಯಲ್ಲಿ ರಾಣಿಯರ ಸ್ನಾನಗೃಹವೆಂದು ತೋರಿಸುವ ಕಟ್ಟಡದ ಒಳಗೊಳ ಸುಮಾರು ೧೫ ಮೀಟರ್ ಚೌಕ, ೧.೮ ಮೀಟರ್ ಆಳ. ಸುತ್ತಲೂ ನೀರಿನ ಕಾಲುವೆ. ಅಲ್ಲಿಂದ ಅನತಿ ದೂರದಲ್ಲಿ, ಮಹಾನವಮಿ ದಿಬ್ಬದ ಬಳಿ, ೧೯೮೦ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಮಣ್ಣಿನಡಿಯಿಂದ ಹೊರತೆಗೆದ ಕರಿಕಲ್ಲಿನ ಮೆಟ್ಟಿಲು ಪುಷ್ಕರಣಿಯನ್ನು ನೋಡದವರಿಲ್ಲ. ಕಲ್ಲು ಕಲ್ಲಿನ ಮೇಲೂ ಅದು ಎಲ್ಲಿ ಕೂರಬೇಕೆಂಬುದರ ಗುರುತು. ಕಲ್ಲಿನ ಮೇಲುಗಾಲುವೆಯಲ್ಲಿ ಬಂದ ನೀರು. ಅಷ್ಟು ಜಾಣ್ಮೆಯಿಂದ ಕಟ್ಟಿದ ಕೊಳ, ೧೫೬೫ರಲ್ಲಿ ನಗರ ಹಾಳಾಗಿ ಕಾಯುವವರಿಲ್ಲದೆ ಹೋದಮೇಲೆ ನಾಲ್ಕು ಶತಮಾನ ಮಣ್ಣಿನಲ್ಲಿ ಹೂತುಹೋಯಿತು. ಕಲ್ಲಿಗೆ ಏನೂ ಆಗಿರಲಿಲ್ಲ, ನೀರಿನ ದಾರಿ ಮಾತ್ರ ತಪ್ಪಿತ್ತು.

ಫಿಲ್ಟರಿಲ್ಲದ ಆ ಕಾಲದಲ್ಲಿ ನೀರು ಹೇಗೆ ತಿಳಿಯಾಗಿರುತ್ತಿತ್ತು? ಮೊದಲನೆಯದಾಗಿ, ಕೊಳಕ್ಕೆ ಬರುವ ದಾರಿ ಶುಚಿಯಾಗಿರಬೇಕಿತ್ತು. ಒಳಬರುವ ಕಾಲುವೆಯಲ್ಲಿ ಮಣ್ಣು ತಂಗಲು ಒಂದು ಗುಂಡಿ ಬಿಟ್ಟರೆ ಅರ್ಧ ಹೂಳು ಹೊರಗೇ ಉಳಿಯುತ್ತದೆ. ಎರಡನೆಯದಾಗಿ, ಮಳೆಗಾಲದಲ್ಲಿ ತುಂಬಿ ಕೋಡಿ ಹರಿದಾಗ ಹಳೆಯ ನೀರು ಹೊರಹೋಗುತ್ತಿತ್ತು. ಬೇಸಿಗೆಯಲ್ಲಿ ತಳ ಕಂಡಾಗ ಊರವರು ಇಳಿದು ಹೂಳೆತ್ತುತ್ತಿದ್ದರು. ಆ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿದ್ದರಿಂದ ಹೊತ್ತವರಿಗೂ ಲಾಭ. ಮೂರನೆಯದಾಗಿ ಮೀನು, ಸೊಳ್ಳೆಯ ಮರಿಗಳನ್ನು ಅವು ತಿನ್ನುತ್ತಿದ್ದವು. ನಾಲ್ಕನೆಯದು ಕಟ್ಟುಪಾಡು. ಕುಡಿಯುವ ನೀರಿನ ಕೊಳಕ್ಕೆ ಬಟ್ಟೆ ಒಗೆಯಲು ಇಳಿಯಬಾರದು, ದನ ತೊಳೆಯುವ ಕೆರೆಯೇ ಬೇರೆ.

ಅಮೃತವೆಲ್ಲ ಅಮೃತವಲ್ಲ

ಹಿಂದಿನದೆಲ್ಲವೂ ನಿರ್ಮಲವಾಗಿತ್ತು ಎಂದು ಹೇಳಿ ಮುಗಿಸಿದರೆ ಅದು ಚರಿತ್ರೆಯಾಗುವುದಿಲ್ಲ. ಆ ಕಟ್ಟುಪಾಡುಗಳ ಹೆಸರಿನಲ್ಲಿಯೇ ಎಷ್ಟೋ ಜನರನ್ನು ಕಲ್ಯಾಣಿಯ ಮೊದಲ ಮೆಟ್ಟಿಲನ್ನೂ ತುಳಿಯಗೊಡದೆ ದೂರವಿಟ್ಟಿದ್ದೂ ಉಂಟು. ಹೂಳೆತ್ತುವಾಗ ಬೇಕಾದ ಕೈ ನೀರು ಮುಟ್ಟುವಾಗ ಬೇಡವಾಗುತ್ತಿತ್ತು. ಡಾ. ಅಂಬೇಡ್ಕರ್ ಅವರು ೧೯೨೭ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಕುಡಿದು ಕೇಳಿದ್ದು ಈ ಲೆಕ್ಕವನ್ನೇ.

ರೋಗದ ಲೆಕ್ಕವೂ ಇದೆ. ನಮ್ಮಲ್ಲಿ ವಯಸ್ಸಾದವರಿಗೆ ನಾರುಹುಣ್ಣಿನ ನೆನಪು ಇದ್ದೀತು. ಕಾಲಿನಲ್ಲಿ ಗುಳ್ಳೆಯೆದ್ದು, ಅದರಿಂದ ಮೊಳದುದ್ದದ ಬಿಳಿಯ ಹುಳು ದಿನಗಟ್ಟಲೆ ಹೊರಬರುವ ಭಯಂಕರ ರೋಗ. ಉರಿ ತಾಳಲಾರದೆ ರೋಗಿ ಮೆಟ್ಟಿಲುಬಾವಿಯ ತಂಪು ನೀರಿಗೆ ಕಾಲಿಟ್ಟಾಗ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟಗಳು ಅವನ್ನು ನುಂಗುತ್ತಿದ್ದವು. ಆ ನೀರು ಕುಡಿದವರಿಗೆಲ್ಲ ಒಂದು ವರ್ಷದ ಮೇಲೆ ಅದೇ ಗತಿ. ಉತ್ತರ ಕರ್ನಾಟಕದ ಜಿಲ್ಲೆಗಳೂ ಈ ಪೀಡೆಯನ್ನು ಅನುಭವಿಸಿದವು. ೧೯೮೦ರ ದಶಕದಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾಗಿ, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿ, ಕೊಳವೆಬಾವಿ ತೋಡಿಸಿ, ಬಟ್ಟೆಯಲ್ಲಿ ನೀರು ಸೋಸುವುದನ್ನು ಮನೆಮನೆಗೂ ಕಲಿಸಿದರು. ದೇಶದ ಕೊನೆಯ ಪ್ರಕರಣ ೧೯೯೬ರಲ್ಲಿ ಕಂಡುಬಂತು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವಾದ ದೇಶವೆಂದು ಸಾರಿತು. ಮೆಟ್ಟಿಲಿಳಿದು ಮುಟ್ಟುವ ನೀರು ಚೆಲುವಾದದ್ದು ನಿಜ. ಆದರೆ ಒಬ್ಬನ ಕಾಲಿನ ರೋಗ ನೂರು ಜನರ ಬಾಯಿಗೆ ಹೋಗುವುದೂ ಆ ಮೆಟ್ಟಿಲಿನಿಂದಲೇ.

ಕೊಳಗಳು ತೋಟವಾದದ್ದು

ಕಾಶಿಯ ಕೊಳಗಳ ಕಥೆಗೆ ಮರಳೋಣ. ೧೮೨೦ರಲ್ಲಿ ಬನಾರಸಿನ ಟಂಕಸಾಲೆಗೆ ಅಧಿಕಾರಿಯಾಗಿ ಬಂದ ಜೇಮ್ಸ್ ಪ್ರಿನ್ಸೆಪ್ ಹತ್ತು ವರ್ಷ ಅಲ್ಲಿದ್ದ. ಬ್ರಾಹ್ಮೀ ಲಿಪಿಯನ್ನು ಓದಿ ಅಶೋಕನ ಶಾಸನಗಳನ್ನು ನಮಗೆ ತಿಳಿಸಿಕೊಟ್ಟವನು ಇವನೇ. ೧೮೨೨ರಲ್ಲಿ ಇವನು ತಯಾರಿಸಿದ ನಗರದ ನಕಾಶೆಯಲ್ಲಿ ಆ ಹಳೆಯ ಕೊಳಗಳೆಲ್ಲ ಕಾಣುತ್ತವೆ. ಊರಿನಲ್ಲಿ ಕೊಳಕು ನೀರು ನಿಲ್ಲಬಾರದೆಂದು ನೆಲದಡಿ ಸುರಂಗ ತೋಡಿಸಿ ಗಂಗೆಗೆ ಹರಿಸಿದವನೂ ಇವನೇ. ಮತ್ಸ್ಯೋದರಿ ಬತ್ತಿ ಉದ್ಯಾನದ ನಡುವಿನ ಹೊಂಡವಾಯಿತು. ಮಂದಾಕಿನಿ ಕುಗ್ಗಿ ಮೈದಾಗಿನ್ ಎಂಬ ಹೆಸರಾಗಿ ಉಳಿಯಿತು. ಬೇನಿಯಾ ಕೊಳ ಬೇನಿಯಾ ಬಾಗ್ ಆಯಿತು. ಪ್ರಿನ್ಸೆಪ್‌ನ ಉದ್ದೇಶ ಕೆಟ್ಟದ್ದೇನಲ್ಲ. ಊರಿನ ಆರೋಗ್ಯವೇ ಅವನ ಚಿಂತೆ. ಆದರೆ ಕೊಳವನ್ನು ಶುಚಿಮಾಡುವುದಕ್ಕೂ ಕೊಳವನ್ನೇ ಇಲ್ಲವಾಗಿಸುವುದಕ್ಕೂ ಇರುವ ಅಂತರ ಅಂದಿನಿಂದ ಮಸುಕಾಗುತ್ತ ಬಂತು.

ಅನಂತರ ೧೮೯೨ರಲ್ಲಿ ಸೋನಾರ್‌ಪುರದ ನೆರೆಯ ಭೇಲೂಪುರದಲ್ಲಿ ಜಲಶುದ್ಧೀಕರಣ ಕೇಂದ್ರ ಆರಂಭವಾಯಿತು. ಭದೈನಿಯಲ್ಲಿ ಗಂಗೆಯಿಂದ ನೀರೆತ್ತಿ, ಭೇಲೂಪುರದಲ್ಲಿ ಸೋಸಿ, ನಲ್ಲಿಗಳಿಗೆ ಬಿಟ್ಟರು. ಕಾಲರಾದಂತಹ ರೋಗಗಳಿಗೆ ಹೆದರಿ ಬದುಕಿದ್ದ ಊರಿಗೆ ಇದು ದೊಡ್ಡ ವರ. ಜೊತೆಗೇ ಇನ್ನೊಂದು ಆಯಿತು: ಕುಂಡದ ನೀರು ಕುಡಿಯುವವರಿಲ್ಲವಾದರು. ಕುಡಿಯದ ನೀರಿನ ಮೇಲೆ ಕಣ್ಣಿಡುವವರು ಕಡಿಮೆ. ಬೆಂಗಳೂರಿನ ಕಥೆಯೂ ಬೇರೆಯಲ್ಲ. ೧೮೯೦ರ ದಶಕದಲ್ಲಿ ಹೆಸರಘಟ್ಟದ ನೀರು ನಲ್ಲಿಗೆ ಬಂತು. ಊರಿನ ಕೆರೆಗಳ ಮಾತು ಹಿಂದೆ ಬಿತ್ತು. ಧರ್ಮಾಂಬುಧಿ ಕೆರೆಯಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ. ಊರಿಗೆ ಹೋಗಲು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹಿಡಿಯುವ ನಾವು ಕೆರೆಯ ತಳದಲ್ಲಿ ನಿಂತಿದ್ದೇವೆಂದು ಎಷ್ಟು ಜನ ನೆನೆಯುತ್ತೇವೆ? ಕೆರೆಕುಂಟೆಗಳು ಸಮುದಾಯದ ಸೊತ್ತು, ಅವುಗಳನ್ನು ಕಾಪಾಡಬೇಕು ಎಂದು ಸುಪ್ರೀಂ ಕೋರ್ಟು ಉತ್ತರ ಪ್ರದೇಶದ್ದೇ ಒಂದು ಪ್ರಕರಣದಲ್ಲಿ ೨೦೦೧ರಲ್ಲಿ ಹೇಳಬೇಕಾಗಿ ಬಂತು.

ಬ್ಲೀಚಿಂಗ್ ಪುಡಿಯ ಕಾಲ

ಹೊಸ ಕಾಲದ ಈಜುಕೊಳ ಹುಟ್ಟಿದ್ದು ಕೊಳಾಯಿ ನೀರಿನ ವಿದ್ಯೆಯಿಂದಲೇ. ಮರಳಿನ ಮೂಲಕ ನೀರನ್ನು ನಿಧಾನವಾಗಿ ಸೋಸುವ ಪದ್ಧತಿಯನ್ನು ಲಂಡನ್ನಿನ ಚೆಲ್ಸಿ ಜಲಕಂಪೆನಿ ೧೮೨೯ರಲ್ಲಿ ಅಳವಡಿಸಿಕೊಂಡಿತು. ಬಟ್ಟೆ ಬಿಳಿಮಾಡಲು ೧೭೯೯ರಿಂದಲೇ ತಯಾರಾಗುತ್ತಿದ್ದ ಬ್ಲೀಚಿಂಗ್ ಪುಡಿ ನೀರಿಗೂ ಬಂತು. ಅಮೆರಿಕದ ಜೆರ್ಸಿ ಸಿಟಿಯಲ್ಲಿ ೧೯೦೮ರಲ್ಲಿ ಊರಿನ ನೀರಿಗೆ ಕ್ಲೋರಿನ್ ಬೆರೆಸುವುದು ಕಾಯಂ ಪದ್ಧತಿಯಾಯಿತು. ಅದಾದ ಕೆಲವೇ ವರ್ಷಗಳಲ್ಲಿ ಅಲ್ಲಿನ ಬ್ರೌನ್ ವಿಶ್ವವಿದ್ಯಾನಿಲಯದವರು ತಮ್ಮ ಈಜುಕೊಳಕ್ಕೂ ಅದನ್ನೇ ಹಾಕಿನೋಡಿದರು. ಅದಕ್ಕೆ ಮುಂಚೆ ಕೊಳ ಕೊಳೆಯಾದರೆ ನೀರನ್ನೆಲ್ಲ ಚೆಲ್ಲಿ ಮತ್ತೆ ತುಂಬುವುದೊಂದೇ ದಾರಿ. ಮೊಹೆಂಜೊದಾರೋದವರ ದಾರಿಯೂ ಅದೇ ಅಲ್ಲವೆ?

ಊರಿನಲ್ಲಿ ಮನೆ ಕಟ್ಟಿಸುವಾಗ ಒಂದು ಪುಟ್ಟ ಈಜುಕೊಳವನ್ನೂ ಸೇರಿಸುವವರು ನಮ್ಮ ಬಳಗದಲ್ಲಿ ಈಗ ಇದ್ದಾರೆ. ಅವರಿಗಾಗಿ ಎರಡು ಮಾತು. ೮ ಮೀಟರ್ ಉದ್ದ, ೪ ಮೀಟರ್ ಅಗಲ, ಸರಾಸರಿ ೧.೨೫ ಮೀಟರ್ ಆಳದ ಕೊಳದಲ್ಲಿ ೪೦,೦೦೦ ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಕ್ಲೋರಿನ್ನನ್ನು ಲೀಟರಿಗೆ ೧ ಮಿಲಿಗ್ರಾಂನಷ್ಟು ಏರಿಸಲು ಬೇಕಾದದ್ದು ಕೇವಲ ೪೦ ಗ್ರಾಂ. ಒಳ್ಳೆಯ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕ್ಲೋರಿನ್ ಇರುವುದರಿಂದ ೧೨೦ ಗ್ರಾಂ ಪುಡಿ. ಎರಡು ಹಿಡಿಗೆ ಹೆಚ್ಚಿಲ್ಲ! ಆದರೆ ಬಿಸಿಲು ಅದನ್ನು ತಿನ್ನುತ್ತದೆ; ಬೆವರು, ಎಣ್ಣೆ, ಎಲೆ ಎಲ್ಲವೂ ತಿನ್ನುತ್ತವೆ. ಆದಕಾರಣ ಲೀಟರಿಗೆ ೧ರಿಂದ ೩ ಮಿಲಿಗ್ರಾಂ ಉಳಿದಿದೆಯೇ ಎಂದು ದಿನವೂ ಪರೀಕ್ಷಿಸಬೇಕು. ನೀರಿನ ಆಮ್ಲ-ಕ್ಷಾರದ ಅಳತೆ, ಅಂದರೆ ಪಿಎಚ್, ೭.೨ರಿಂದ ೭.೮ರೊಳಗೆ ಇರಬೇಕು. ಅದು ಮೇಲೇರಿದರೆ ಎಷ್ಟು ಕ್ಲೋರಿನ್ ಸುರಿದರೂ ಅದರ ಬಲ ಕುಂದುತ್ತದೆ.

ಪಂಪು ಪ್ರತಿದಿನವೂ ಓಡಿ ನೀರು ಮರಳಿನ ಫಿಲ್ಟರಿನ ಮೂಲಕ ಸುತ್ತಬೇಕು. ಒತ್ತಡದ ಮುಳ್ಳು ಮಾಮೂಲಿಗಿಂತ ಏರಿದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳನ್ನು ತೊಳೆಯಬೇಕು. ತೇಲುವ ಎಲೆಯನ್ನು ಬಲೆಯಿಂದ ತೆಗೆದು, ಗೋಡೆಯನ್ನು ವಾರಕ್ಕೊಮ್ಮೆಯಾದರೂ ಉಜ್ಜಬೇಕು. ಪಾಚಿ ಮೊದಲು ಹಿಡಿಯುವುದು ನೀರು ಸುಳಿಯದ ಮೂಲೆಯಲ್ಲಿ, ಮೆಟ್ಟಿಲಿನ ಸಂದಿನಲ್ಲಿ. ಕೊಳದಿಂದ ಘಾಟು ವಾಸನೆ ಬಂದರೆ "ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ" ಎಂದು ಸಮಾಧಾನಪಡುವವರುಂಟು. ವಾಸ್ತವವಾಗಿ ಕ್ಲೋರಿನ್ ಬೆವರು ಮೂತ್ರಗಳೊಡನೆ ಸೇರಿ ಆಗುವ ವಸ್ತುವಿನ ವಾಸನೆ ಅದು. ಇಳಿಯುವ ಮುನ್ನ ಮೈತೊಳೆದುಕೊಳ್ಳಬೇಕೆಂಬ ನಮ್ಮ ಹಳೆಯ ಕಟ್ಟುಪಾಡಿಗೆ ಇಲ್ಲಿ ರಸಾಯನಶಾಸ್ತ್ರದ ಸಾಕ್ಷಿಯಿದೆ. ಹೊಟ್ಟೆ ಕೆಟ್ಟ ಮಗುವನ್ನು ಇಳಿಸಬಾರದು. ಕ್ಲೋರಿನ್ನಿಗೂ ಜಗ್ಗದೆ ದಿನಗಟ್ಟಲೆ ಬದುಕುವ ರೋಗಾಣುಗಳಿವೆ. ಬೇರೆ ಬೇರೆ ಔಷಧಿಗಳನ್ನು ಒಟ್ಟಿಗೆ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ. ತಳದ ಜಾಲರಿ ಸ್ಪಷ್ಟವಾಗಿ ಕಾಣದಷ್ಟು ನೀರು ಕದಡಿದ್ದರೆ ಯಾರೂ ಇಳಿಯಬಾರದು, ಮುಳುಗಿದವರು ಕಾಣುವುದಿಲ್ಲ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಸುತ್ತ ಬೇಲಿಯೂ ಬೀಗವೂ ಇರಲೇಬೇಕು.

ಶ್ರದ್ಧೆಗೂ ಪರೀಕ್ಷೆಗೂ ವಿರೋಧವಿಲ್ಲವೆಂಬುದಕ್ಕೆ ಕಾಶಿಯಲ್ಲಿಯೇ ಒಬ್ಬ ಹಿರಿಯರಿದ್ದರು. ಸಂಕಟಮೋಚನ ದೇವಾಲಯದ ಮಹಂತರಾಗಿದ್ದ ಪ್ರೊ. ವೀರಭದ್ರ ಮಿಶ್ರ. ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲವಿಜ್ಞಾನದ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಲೋಲಾರ್ಕ ಕುಂಡಕ್ಕೆ ಸಮೀಪದ ತುಳಸೀ ಘಾಟಿನಲ್ಲಿ ಅವರ ಮನೆ. ಗಂಗೆಯಲ್ಲಿ ನೇಮದಿಂದ ಮುಳುಗುತ್ತಿದ್ದ ಅವರೇ, ೧೯೮೨ರಲ್ಲಿ ಸಂಕಟಮೋಚನ ಪ್ರತಿಷ್ಠಾನವನ್ನು ಸ್ಥಾಪಿಸಿ, ಅದೇ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆ ಮಾಡಿದರು. ೨೦೧೩ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ. ಹರಿಯುವ ನದಿಗೇ ಇಷ್ಟು ಕಾವಲು ಬೇಕಾದರೆ ನಿಂತ ನೀರಿಗೆ ಎಷ್ಟು ಬೇಡ?

ನಮ್ಮ ಪಾಲಿನ ಬಿತ್ತುವಟ್ಟ

ಕಾಶಿಯಿಂದ ಮರಳಿದ ಮೇಲೆ ಆ ಅಜ್ಜಿ ತಮ್ಮ ಊರಿಗೆ ಫೋನು ಮಾಡಿಸಿ, ಕಲ್ಯಾಣಿ ಹೇಗಿದೆಯೆಂದು ವಿಚಾರಿಸಿದರು. ಹೂಳೆತ್ತಿ ಹನ್ನೆರಡು ವರ್ಷಗಳಾದವಂತೆ. ನೀರಿನ ಮೇಲೆ ಹಸಿರು ಕಟ್ಟಿದೆ, ಒಂದು ಮೂಲೆಯ ಮೆಟ್ಟಿಲು ಕುಸಿದಿದೆ, ಮಕ್ಕಳು ಇಳಿಯದಂತೆ ಮುಳ್ಳು ಹಾಕಿದ್ದಾರೆ. "ಯಾಕೆ ಎತ್ತಲಿಲ್ಲ?" ಎಂದು ಅಜ್ಜಿ ಕೇಳಿದರೆ, ಆ ಕಡೆಯಿಂದ ಬಂದ ಉತ್ತರ: "ಮನೆಗೊಬ್ಬರು ಅಂದರೆ ಯಾರು ಬರಬೇಕು ಅತ್ತೆ? ನೀವೆಲ್ಲ ಊರು ಬಿಟ್ಟಿರಲ್ಲ."

ಈ ಮಾತು ನಮ್ಮನ್ನು ಚುಚ್ಚಿತು. ನಾವು ಊರಿನ ಗುಡಿಯ ಗೋಪುರಕ್ಕೆ ಬಣ್ಣ ಬಳಿಸಲು ಹಣ ಕಳಿಸಿದ್ದೇವೆ, ಹೆಸರು ಕೆತ್ತಿದ ಕಲ್ಲು ಹಾಕಿಸಿದ್ದೇವೆ. ಹೂಳಿಗೆ ಹಣ ಕಳಿಸಿದ ನೆನಪು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮನೆಗೊಬ್ಬರು ಮಂಕರಿ ಹಿಡಿಯಬೇಕಾದ ಸಾಲಿನಲ್ಲಿ ನಮ್ಮ ಮನೆಗಳ ಜಾಗವೇ ಖಾಲಿಯಾಗಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟದ್ದು ತಪ್ಪಲ್ಲ. ಆದರೆ ಆ ಜಾಗ ತುಂಬುವ ದಾರಿ ಹುಡುಕದೆ ಹೋದದ್ದು ತಪ್ಪಲ್ಲವೆನ್ನಲು ನಮಗೆ ಧೈರ್ಯವಿಲ್ಲ.

ಆ ಊರಿಗೆ ಸೇರಿದ, ನಮ್ಮ ನಗರದಲ್ಲಿರುವ ಏಳು ಮನೆಗಳವರು ಕೂಡಿ ಈ ಬೇಸಿಗೆಗೆ ಕೂಲಿಯ ಹಣ ಕಳಿಸಿದರು. ಇಬ್ಬರು ರಜೆ ಹಾಕಿ ಹೋಗಿ ಊರವರ ಜೊತೆ ಮಂಕರಿಯನ್ನೂ ಹೊತ್ತರು. ಮೆಟ್ಟಿಲು ಕಂಡಿತು, ತಳದಲ್ಲಿ ಊಟೆ ಜಿನುಗುವುದೂ ಕಂಡಿತಂತೆ. ಆದರೆ ಇದನ್ನು ನಾವು ಸಾಧನೆಯೆಂದು ಬರೆಯುತ್ತಿಲ್ಲ. ಒಂದು ವರ್ಷ ಎತ್ತಿದ್ದು ಜೀರ್ಣೋದ್ಧಾರ. ಪ್ರತಿವರ್ಷವೂ ಎತ್ತುವುದು ಬಿತ್ತುವಟ್ಟ. ಮುಂದಿನ ಬೇಸಿಗೆಗೂ, ಅದರ ಮುಂದಿನದಕ್ಕೂ ಹಣ ಮತ್ತು ಜನ ಒದಗುತ್ತಾರೆಯೇ ಎಂಬುದೇ ನಿಜವಾದ ಪರೀಕ್ಷೆ.

ಓದುಗರಲ್ಲಿ ನಮ್ಮದೊಂದು ಬಿನ್ನಹ. ರಜೆಯಲ್ಲಿ ಊರಿಗೆ ಹೋದಾಗ ಕಲ್ಯಾಣಿಯನ್ನೋ ಕೆರೆಯನ್ನೋ ಒಮ್ಮೆ ಮಕ್ಕಳಿಗೆ ತೋರಿಸಿ ಬನ್ನಿ. ಅದನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ, ಅವರಿಗೆ ಏನು ಸಿಗುತ್ತದೆ ಎಂದು ವಿಚಾರಿಸಿ. ನಿಮ್ಮ ವಸತಿ ಸಮುಚ್ಚಯದ ಈಜುಕೊಳಕ್ಕೆ ಬೆಳಗಿನ ಜಾವದಲ್ಲಿ ಬಂದು ಎಲೆ ತೆಗೆದು, ಗೋಡೆ ಉಜ್ಜಿ, ಪುಡಿ ಬೆರೆಸಿ ಹೋಗುವವನ ಹೆಸರನ್ನೂ ಕೇಳಿ ತಿಳಿದುಕೊಳ್ಳಿ. ಅವನಿಗೆ ಕೈಗವಸು, ಮೂಗಿಗೆ ಕಟ್ಟಿಕೊಳ್ಳುವ ಮುಸುಕು ಕೊಟ್ಟಿದ್ದಾರೆಯೇ ಎಂಬುದನ್ನೂ ನೋಡಿ. ಹಿಂದೆ ಫಸಲಿನಲ್ಲಿ ಪಾಲಿದ್ದ ನೀರುಗಂಟಿಯ ಸ್ಥಾನದಲ್ಲ‍ಿ ಇಂದು ನಿಂತಿರುವವನು ಅವನೇ.

ಫಿಲ್ಟರ್ ಎಲ್ಲಿದೆಯೆಂದು ಕೇಳಿದ ಹುಡುಗ ಬರುವ ಬೇಸಿಗೆಯಲ್ಲಿ ತಾನೂ ಮಂಕರಿ ಹೊರಲು ಊರಿಗೆ ಬರುತ್ತೇನೆಂದು ಹಟ ಹಿಡಿದಿದ್ದಾನೆ. ಪುಟ್ಟ ಮಂಕರಿಯೊಂದನ್ನು ಹೆಣೆಸಿಡುವಂತೆ ಅಜ್ಜಿ ಊರಿಗೆ ಹೇಳಿಕಳಿಸಿದ್ದಾರೆ.